‘ಹೋಲ್ಡ್’ ಅಂದರೆ ಎಷ್ಟು ದಿನ?

18 ಜುಲೈ 2024, ಗುರುವಾರ

ಬೆಳಿಗ್ಗೆ ಹನ್ನೊಂದಕ್ಕೆ ಕ್ಲೈಂಟ್ ಕಡೆಯಿಂದ ಫೋನ್ ಬಂತು. ಅವರ ಗೋದಾಮಿಗೆ ನಾನು ಮಾಡಿಕೊಡುತ್ತಿರುವ ಸ್ಟಾಕ್ ಲೆಕ್ಕದ ಪ್ರಾಜೆಕ್ಟ್ ನಿಲ್ಲಿಸಬೇಕಂತೆ. “ಕ್ಯಾನ್ಸಲ್ ಅಲ್ಲ ಸರ್, ಹೋಲ್ಡ್ ಅಷ್ಟೆ” ಅಂತ ಮೂರು ಸಲ ಹೇಳಿದರು. ಮೂರನೇ ಸಲಕ್ಕೆ ನನಗೆ ಖಾತ್ರಿಯಾಯಿತು, ಕ್ಯಾನ್ಸಲ್ಲೇ.

ಜಗಳ ಆಡಲಿಲ್ಲ. ಪಾಪ, ಫೋನ್ ಮಾಡಿದವರ ಕೈಯಲ್ಲಿ ಏನೂ ಇಲ್ಲ.

ನನ್ನ ತಲೆನೋವು ಬೇರೆ. ಎರಡನೇ ಹಂತದ ಬಿಲ್ ಜೂನ್ 28ಕ್ಕೇ ಕಳಿಸಿದ್ದೆ, 1,20,000 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ ಅಂದರೆ 21,600. ಒಂದು ಪೈಸೆ ಬಂದಿಲ್ಲ. ಆದರೂ ಜೂನ್ ತಿಂಗಳ ತೆರಿಗೆಯನ್ನು ನಾಡಿದ್ದು 20ನೇ ತಾರೀಕಿನೊಳಗೆ ನಾನು ಕಟ್ಟಲೇಬೇಕು, ಯಾಕಂದರೆ ಸರ್ಕಾರ ನೋಡೋದು ಬಿಲ್ಲಿನ ತಾರೀಕು, ನನ್ನ ಪಾಸ್‌ಬುಕ್ ಅಲ್ಲ. “ಆ ಬಿಲ್ಲನ್ನೂ ರದ್ದು ಮಾಡಿಬಿಡಿ, ಮತ್ತೆ ಶುರುವಾದಾಗ ಹೊಸದು ಹಾಕಿ” ಅಂದರು. ಅದಕ್ಕೆ ಮಾತ್ರ ಒಪ್ಪಲಿಲ್ಲ. ಕೆಲಸ ಮುಗಿದಿದೆ, ವರದಿ ಅವರ ಟೇಬಲ್ ಮೇಲಿದೆ. ಸುಮ್ನೆ ಕ್ರೆಡಿಟ್ ನೋಟ್ (ಬಿಲ್ ರದ್ದು ಮಾಡುವ ಕಾಗದ) ಯಾಕೆ ಕೊಡಲಿ?

2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್ ಶುರುವಾದ ವಾರ, ಇನ್ನೊಬ್ಬರು ಹೀಗೇ ಹೋಲ್ಡ್ ಅಂದಿದ್ದರು. ಆಗ ಎಲ್ಲ ವಾಟ್ಸ್‌ಆ್ಯಪ್ ಮಾತು, ಕಾಗದ ಇರಲಿಲ್ಲ. ಆ ಪ್ರಾಜೆಕ್ಟ್ ಇವತ್ತಿಗೂ ಹೋಲ್ಡಲ್ಲೇ ಇದೆ. ಅಲ್ಲಿಂದ ಪ್ರತಿ ಒಪ್ಪಂದದಲ್ಲೂ ಎರಡು ಸಾಲು ಸೇರಿಸುತ್ತೇನೆ. ಮಧ್ಯೆ ನಿಲ್ಲಿಸಿದರೆ ಆ ದಿನದವರೆಗಿನ ಕೆಲಸಕ್ಕೆ ಪೂರ್ತಿ ದುಡ್ಡು, ಉಳಿದದ್ದರಲ್ಲಿ ಶೇ. 20. ಹೋಲ್ಡ್ ಮೂವತ್ತು ದಿನ ದಾಟಿದರೆ ರದ್ದು ಅಂತಲೇ ಲೆಕ್ಕ. ಸಹಿ ಹಾಕುವಾಗ ಈ ಸಾಲನ್ನು ಯಾರೂ ಓದಲ್ಲ ಬಿಡಿ.

ಮಧ್ಯಾಹ್ನ ಊಟಕ್ಕೆ ಮುಂಚೆಯೇ ಮೇಲ್ ಬರೆದೆ. “ಬೆಳಿಗ್ಗೆ ಮಾತಾಡಿದಂತೆ ಇವತ್ತಿಂದ ಕೆಲಸ ನಿಲ್ಲಿಸಿದ್ದೇನೆ. ಆಗಸ್ಟ್ 17ರೊಳಗೆ ಮತ್ತೆ ಶುರುವಾಗದಿದ್ದರೆ ಒಪ್ಪಂದ ಮುಗಿದಂತೆ. ಜೂನ್ 28ರ ಬಿಲ್ ಹಾಗೇ ಇರುತ್ತದೆ.” ಮೊದಲ ಕರಡಿನಲ್ಲಿ “ನಿಮ್ಮ ಕಷ್ಟ ಅರ್ಥವಾಗುತ್ತದೆ” ಅಂತ ಒಂದು ಪ್ಯಾರಾ ಇತ್ತು, ತೆಗೆದುಹಾಕಿದೆ. ಕೆಳಗೆ ನನ್ನ ಉದ್ಯಮ್ ನೋಂದಣಿ ಸಂಖ್ಯೆ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ನೋಂದಾಯಿಸಿದ ನಂಬರ್, ಹಾಕಿದೆ. ಸಣ್ಣ ಉದ್ಯಮದವರ ಬಾಕಿಯನ್ನು, ಒಪ್ಪಂದದಲ್ಲಿ ಏನೇ ಬರೆದಿರಲಿ, 45 ದಿನಕ್ಕಿಂತ ಜಾಸ್ತಿ ಎಳೆಯುವ ಹಾಗಿಲ್ಲ ಅಂತ 2006ರ ಕಾಯ್ದೆ ಹೇಳುತ್ತದೆ. ಎಳೆದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ನಾನಂತೂ ಇದುವರೆಗೆ ಯಾರ ಹತ್ತಿರವೂ ಬಡ್ಡಿ ಕೇಳಿಲ್ಲ. ಆದರೆ ಆ ಸಂಖ್ಯೆ ಕಂಡರೆ ಅಕೌಂಟ್ಸ್‌ನವರು ಫೈಲ್ ತೆಗೆದು ನೋಡುತ್ತಾರೆ.

ನಾಲ್ಕು ಗಂಟೆಗೆ ಉತ್ತರ ಬಂತು. “ನೋಟೆಡ್ ಸರ್.” ಅಷ್ಟೇ.

21,600ಕ್ಕೆ ಎಫ್‌ಡಿ ಮುರಿಯೋದು ಬೇಡ ಅಂತ ಕಾರಿನ ಸರ್ವಿಸ್ ಮುಂದಕ್ಕೆ ಹಾಕಿದೆ. ಪುರುಸೊತ್ತಿಲ್ಲ ಅಂತ ಹೋದ ವಾರ ತಾನೇ ಬೇಡ ಅಂದಿದ್ದ ತುಮಕೂರಿನ ಸಣ್ಣ ಕೆಲಸ ಒಂದಿದೆ. ನಾಳೆ ಅವರಿಗೆ ಫೋನ್ ಮಾಡಬೇಕು, ಇನ್ನೂ ಯಾರಿಗೂ ಕೊಟ್ಟಿಲ್ಲದಿದ್ದರೆ.