ದೊಡ್ಡಮ್ಮನ ಜಾಡಿ

ಭಾನುವಾರ ಚಿಕ್ಕಬಳ್ಳಾಪುರದ ಹತ್ತಿರ ದೊಡ್ಡಪ್ಪನ ತೋಟಕ್ಕೆ ಹೋಗಿದ್ದೆ. ಚಪ್ಪರದ ತುಂಬ ಬೆಂಗಳೂರು ಬ್ಲೂ ಗೊಂಚಲು. 2013ರಲ್ಲಿ ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ಬೆಳೆ ಅನ್ನುವ ಗುರುತು, ಸಿಕ್ಕಿದ ನಮ್ಮ ದ್ರಾಕ್ಷಿ. ಬಾಯಿಗಿಟ್ಟು ಒತ್ತಿದರೆ ತಿರುಳು ಜಾರಿ, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಬಣ್ಣ ಇರುವುದು ಆ ಸಿಪ್ಪೆಯಲ್ಲೇ. ಅದಕ್ಕೇ ಕೆಂಪು ವೈನ್‌ಗೆ ಸಿಪ್ಪೆ ಸಮೇತ ಹುಳಿ ಬರಿಸುತ್ತಾರೆ.

ಇದೆಲ್ಲ ಗೊತ್ತಾಗಿದ್ದು ಕಾಲೇಜಿನಲ್ಲಿದ್ದಾಗ. ದೊಡ್ಡಮ್ಮನ ಉಪ್ಪಿನಕಾಯಿ ಜಾಡಿ ಕದ್ದು, ದ್ರಾಕ್ಷಿ ಕಿವುಚಿ, ಸಕ್ಕರೆ, ಈಸ್ಟ್ ಹಾಕಿ ಅಟ್ಟದ ಮೇಲಿಟ್ಟಿದ್ದೆ. ದಿನಾ ಮುಚ್ಚಳ ತೆಗೆದು ಮೂಸಿದ್ದೇ ತಪ್ಪು. ಗಾಳಿ ಆಡಿ ಅಪ್ಪಟ ವಿನೆಗರ್ ಆಯಿತು! ಆ ಜಾಡಿಯನ್ನು ದೊಡ್ಡಮ್ಮ ಇವತ್ತಿಗೂ ಮುಟ್ಟುವುದಿಲ್ಲ.

ನಂದಿ ಬೆಟ್ಟದ ಆಚೆ, ದೊಡ್ಡಬಳ್ಳಾಪುರದ ಕಡೆ, ಗ್ರೋವರ್ ಕುಟುಂಬ 1988ರಲ್ಲೇ ವೈನರಿ ಶುರು ಮಾಡಿತು, ಅದೂ ಫ್ರಾನ್ಸಿನ ತಳಿ ತಂದು. ಒಂದೇ ಬೆಟ್ಟದ ಗಾಳಿ, ಆದರೆ ಅವರ ಬಾಟಲಿಗೂ ನನ್ನ ಜಾಡಿಗೂ ಎಷ್ಟು ದೂರ, ಅಲ್ವಾ?

ದೊಡ್ಡಪ್ಪ ಮಾತ್ರ ಜೀವನದಲ್ಲಿ ಒಂದು ಹನಿ ಕುಡಿದವರಲ್ಲ. ಕ್ರೇಟ್ ತುಂಬುತ್ತಾ ಸುಮ್ನೆ ಅಂದರು: "ನಮ್ಮ ಹಣ್ಣು ಕುಡಿದು ಯಾರ್ಯಾರು ಎಲ್ಲೆಲ್ಲಿ ತೂರಾಡ್ತಾರೋ ಏನೋ!"