ಆ್ಯಪ್ ಗಣಿಯೊಳಗೆ ಇಳಿದಾಗ

ಅಪಾಯ ಕಂಡವರು ಫೋನಿನಲ್ಲೇ ವರದಿ ಮಾಡುವಂಥ ಸುರಕ್ಷತಾ ಆ್ಯಪನ್ನು ಗಣಿಗೆ ತರುವವರು ಮೊದಲು ಎಡವುವುದು ಕಾಗದದ ಫಾರಮ್ಮನ್ನೇ ಪರದೆಗೆ ಇಳಿಸುವುದರಲ್ಲಿ. ಇಪ್ಪತ್ತು ಖಾನೆ, ಅರ್ಧ ಇಂಗ್ಲಿಷ್. ಪಾಳಿ ಮುಗಿಸಿ ಕೇಜಿಗೆ (ಗಣಿಯ ಲಿಫ್ಟಿಗೆ) ಕಾಯುತ್ತ ನಿಂತ, ಬಂಡೆ ಕೊರೆಯುವ ಡ್ರಿಲ್ಲರ್ ಅದನ್ನು ಮುಟ್ಟುವುದೂ ಇಲ್ಲ. ಅವನಿಂದ ಬೇಕಾದ್ದು ನಾಲ್ಕೇ: ಎಲ್ಲಿ, ಏನು, ಒಂದು ಫೋಟೊ, ಈಗ ಅಲ್ಲಿ ಜನ ಇದ್ದಾರಾ. ‘ಏನು’ ಎಂಬುದನ್ನು ಬಾಯಲ್ಲೇ ಹೇಳಿ ಕಳಿಸುವಂತಿರಲಿ. ಒದ್ದೆ ಕೈಗವಸಿಗೆ ಟಚ್ ಸ್ಕ್ರೀನ್ ಸರಿಯಾಗಿ ಓಗೊಡುವುದಿಲ್ಲ. ಕಾರಣ, ವರ್ಗ, ತೀವ್ರತೆ ಎಲ್ಲ ಮೇಲೆ ಕೂತ ಸುರಕ್ಷತಾ ಅಧಿಕಾರಿ ತುಂಬಿಕೊಳ್ಳಲಿ.

ನಾಲ್ಕರಲ್ಲಿ ಕಠಿಣವಾದದ್ದು ‘ಎಲ್ಲಿ’. ಸಂಡೂರಿನ ತೆರೆದ ಅದಿರು ಗಣಿಗಳಲ್ಲಿ ಜಿಪಿಎಸ್ ಸಿಗುತ್ತದೆ, ನಿಜ. ಆದರೆ ಫೋನಿನ ಜಿಪಿಎಸ್ ನಾಲ್ಕಾರು ಮೀಟರ್ ಆಚೀಚೆ ಸರಿಯುತ್ತದೆ, ಎತ್ತರವನ್ನಂತೂ ನಂಬುವ ಹಾಗಿಲ್ಲ. ಬೆಂಚಿನ, ಅಂದರೆ ಗಣಿಯ ಗೋಡೆಯಲ್ಲಿ ಕಡಿದ ಮೆಟ್ಟಿಲಿನ, ಅಂಚಲ್ಲಿ ನಿಂತವನನ್ನು ಕೆಳಗಿನ ಬೆಂಚಿಗೆ ಇಳಿಸಿಬಿಡುತ್ತದೆ. ಬೆಂಚನ್ನು ಕೈಯಾರೆ ಆರಿಸಬೇಕು. ಹಟ್ಟಿಯಂಥ ಭೂಗತ ಚಿನ್ನದ ಗಣಿಯಲ್ಲಿ ಉಪಗ್ರಹದ ಮಾತೇ ಇಲ್ಲ. ಅಲ್ಲಿಗೆ ಕ್ಯೂಆರ್ ಫಲಕ ಸರಿ: ಲೆವೆಲ್ (ಗಣಿಯ ಅಂತಸ್ತು), ಕ್ರಾಸ್‌ಕಟ್ (ಅಡ್ಡ ಸುರಂಗ), ಸ್ಟೋಪಿನ (ಅದಿರು ತೆಗೆಯುವ ಜಾಗದ) ಬಾಯಿ, ಒಂದೊಂದು ಕಡೆ ಒಂದೊಂದು. ಲ್ಯಾಮಿನೇಟ್ ಮಾಡಿದ ಕಾಗದ ತೇವಕ್ಕೆ ಊದಿಕೊಳ್ಳುತ್ತದೆ. ಅಲ್ಯೂಮಿನಿಯಂ ತಗಡಿನ ಮೇಲೆ 10 ಸೆಂ.ಮೀ. ಚೌಕವಾದರೂ ಇರಲಿ, ಕೆಳಗೆ ಅದೇ ಸಂಖ್ಯೆ ದಪ್ಪಕ್ಷರದಲ್ಲಿ. ಕೆಸರು ಮೆತ್ತಿ ಸ್ಕ್ಯಾನ್ ಆಗದಿದ್ದರೆ ಸಂಖ್ಯೆ ಒತ್ತಿದರಾಯಿತು. ಫೇಸ್, ಅಂದರೆ ಅಗೆತ ನಡೆಯುವ ಮುಂಗೋಡೆ, ದಿನದಿನಕ್ಕೂ ಮುಂದೆ ಹೋಗುತ್ತದೆ, ಫಲಕ ಹೋಗುವುದಿಲ್ಲ. ಹಾಗಾಗಿ ‘ಫಲಕದಿಂದ ಎಷ್ಟು ಮೀಟರ್’ ಎಂದೂ ಕೇಳಬೇಕು.

ನೆಟ್‌ವರ್ಕ್ ಸಿಗದ ಕಡೆ ವರದಿ ಫೋನಿನಲ್ಲೇ ಕೂತಿದ್ದು, ಲ್ಯಾಂಪ್ ರೂಮಿನ (ತಲೆದೀಪ ಪಡೆದು ಹಿಂದಿರುಗಿಸುವ ಕೋಣೆಯ) ವೈಫೈ ಸಿಕ್ಕಾಗ ತಾನೇ ಹೋಗಬೇಕು. ಇಲ್ಲೊಂದು ಕಾಣದ ಗುಂಡಿಯಿದೆ. ಆಂಡ್ರಾಯ್ಡಿನ ಬ್ಯಾಟರಿ ಉಳಿತಾಯ ಹಿನ್ನೆಲೆಯ ಕೆಲಸವನ್ನು ನಿಲ್ಲಿಸಿಬಿಡುತ್ತದೆ. ವರದಿ ಜೇಬಿನಲ್ಲೇ ಮನೆಗೆ ಹೋಗುತ್ತದೆ, ಕಳಿಸಿದವನಿಗೆ ಗೊತ್ತೇ ಆಗುವುದಿಲ್ಲ. ಆ ಆ್ಯಪ್‌ಗೆ ಬ್ಯಾಟರಿ ನಿರ್ಬಂಧ ತೆಗೆಯಬೇಕು, ‘ಹೋಗಿಲ್ಲ’ ಎಂಬುದು ಕೆಂಪಗೆ ಕಾಣಬೇಕು. ಫೋಟೊವನ್ನು 300 ಕೆಬಿಗೆ ಇಳಿಸದಿದ್ದರೆ ಪಾಳಿ ಬದಲಾಗುವ ಹೊತ್ತಿಗೆ ಎಲ್ಲ ಫೋನುಗಳೂ ಒಟ್ಟಿಗೆ ಮುಗಿಬಿದ್ದು ವೈಫೈ ಕಟ್ಟಿಕೊಳ್ಳುತ್ತದೆ. ಕಂಡ ಸಮಯ, ಸರ್ವರಿಗೆ ಸೇರಿದ ಸಮಯ ಎರಡೂ ದಾಖಲಾಗಲಿ. ಬರೀ ಎರಡನೆಯದನ್ನು ನೋಡಿದರೆ, ಅಪಾಯಗಳೆಲ್ಲ ಪಾಳಿ ಬಿಡುವ ಹೊತ್ತಿಗೇ ಹುಟ್ಟಿದ ಹಾಗೆ ಕಾಣುತ್ತದೆ!

ಮಿಥೇನ್ ಇರುವ ಕಲ್ಲಿದ್ದಲು ಗಣಿಗೆ ಮಾಮೂಲಿ ಫೋನ್ ಒಯ್ಯುವಂತಿಲ್ಲ. ಕಿಡಿ ಹುಟ್ಟದಂತೆ ತಯಾರಿಸಿ ಪ್ರಮಾಣೀಕರಿಸಿದ್ದೇ ಆಗಬೇಕು. ಸ್ಫೋಟಕ ಸಿಡಿಸುವ ವಿದ್ಯುತ್ ಡಿಟೊನೇಟರ್ ತುಂಬುವ ಜಾಗದ ಹತ್ತಿರ ಯಾವ ಫೋನೂ ಬೇಡ. ಡಂಪರ್ ಚಾಲಕ ಗಾಡಿ ನಿಲ್ಲಿಸಿದ ಮೇಲಷ್ಟೇ ವರದಿ ಮಾಡಲಿ. ತಲೆಯ ಮೇಲೆ ಸಡಿಲ ಕಲ್ಲು ಕಂಡರೆ ಫೋಟೊ ಆಮೇಲೆ. ಮೊದಲು ಜನರನ್ನು ಹಿಂದೆ ಕಳಿಸಿ, ದಾರಿ ಮುಚ್ಚಿ, ಗುಂಪಿನ ಮೇಲ್ವಿಚಾರಕನಾದ ಮೇಟ್‌ಗೆ ಹೇಳುವುದು.

ಇಷ್ಟೆಲ್ಲ ಸರಿಯಿದ್ದೂ ಆ್ಯಪ್ ಸಾಯುವುದುಂಟು. ‘ತಿಂಗಳಿಗೆ ತಲಾ ಎರಡು ನಿಯರ್ ಮಿಸ್’ (ಕೂದಲೆಳೆಯಲ್ಲಿ ತಪ್ಪಿದ ಅಪಘಾತ) ಎಂದು ಗುರಿ ಕೊಟ್ಟರೆ ತಿಂಗಳ ಕೊನೆಯಲ್ಲಿ ‘ಹೆಲ್ಮೆಟ್ ಪಟ್ಟಿ ಸಡಿಲ’ ಎಂಬ ವರದಿಗಳ ಮಳೆ. ಹೆಸರು ಕಡ್ಡಾಯ ಮಾಡಿದರೆ ಗುತ್ತಿಗೆ ಕಾರ್ಮಿಕರು ಬಾಯಿ ಬಿಡುವುದಿಲ್ಲ. ಬರೆದವನಿಗೆ ಉತ್ತರ ಸಿಗದಿದ್ದರೆ ಮೂರನೆಯ ಸಲ ಅವನು ಬರೆಯುವುದಿಲ್ಲ. ಹೆಸರಿನ ಬದಲು ವರದಿಗೊಂದು ಸಂಖ್ಯೆ ಕೊಟ್ಟು, ಲ್ಯಾಂಪ್ ರೂಮಿನ ಹಲಗೆಯ ಮೇಲೆ ಆ ಸಂಖ್ಯೆಯ ಮುಂದೆ ಏನು ಮಾಡಿದೆವು, ಯಾರು ಮಾಡಿದರು, ಯಾವ ಪಾಳಿಯಲ್ಲಿ ಎಂದು ಬರೆದರೆ ಸಾಕು. ಮಾಡದಿದ್ದರೆ ಯಾಕೆ ಮಾಡಿಲ್ಲ ಎಂಬುದನ್ನೂ ಅಲ್ಲೇ ಬರೆಯಬೇಕು.