ಮೂರು ರಾಜಧಾನಿ, ಒಂದು ಚೀಲ

ಭೂಪಟ ಹರಡಿಕೊಂಡು ಕುಳಿತಿದ್ದೇನೆ. ಆಸ್ಟ್ರಿಯಾದ ವಿಯೆನ್ನಾ, ಸ್ಲೊವಾಕಿಯಾದ ಬ್ರಾಟಿಸ್ಲಾವಾ, ಹಂಗೆರಿಯ ಬುಡಾಪೆಸ್ಟ್: ಐದು ದಿನ, ಮೂರೂ ದೇಶಕ್ಕೆ ಒಂದೇ ಷೆಂಗೆನ್ ವೀಸಾ, ಬೆನ್ನಿಗೊಂದು ಚೀಲ. ವಿಯೆನ್ನಾದ ಕೋಣೆ ಬಾಡಿಗೆ ನೋಡಿ ಎದೆ ಧಸಕ್ಕೆಂದಿತು. ಹಗಲು ಅಲ್ಲಿ ಸುತ್ತಿ, ರಾತ್ರಿ ಬ್ರಾಟಿಸ್ಲಾವಾಕ್ಕೆ ಹೋಗಿ ಮಲಗುವುದೆಂದು ತೀರ್ಮಾನಿಸಿದೆ. ರೈಲಿನಲ್ಲಿ ಹೆಚ್ಚೂಕಡಿಮೆ ಒಂದು ಗಂಟೆ. ವೈಟ್‌ಫೀಲ್ಡ್‌ನ ಕಚೇರಿಯಿಂದ ಮನೆ ಸೇರಲು ನನಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು, ದಾರಿಯಲ್ಲಿ ಬೇರೆ ದೇಶವೇನೂ ಸಿಗುವುದಿಲ್ಲ!

1989ರವರೆಗೆ ವಿಯೆನ್ನಾ, ಬ್ರಾಟಿಸ್ಲಾವಾಗಳ ನಡುವೆ ಶೀತಲ ಸಮರದ ಕಾಲದ ಮುಳ್ಳುತಂತಿಯ ಬೇಲಿಯಿತ್ತು. ಡ್ಯಾನ್ಯೂಬ್ ನದಿ ಮಾತ್ರ ಆಗಲೂ ಯಾರನ್ನೂ ಕೇಳದೆ ಮೂರೂ ಊರುಗಳನ್ನು ಮುಟ್ಟಿಕೊಂಡು ಹರಿಯುತ್ತಿತ್ತು. ಈಗ ನನ್ನ ತಕರಾರೆಲ್ಲ ಬುಡಾಪೆಸ್ಟ್‌ನಲ್ಲಿ ಯೂರೋ ಬದಲು ಫೋರಿಂಟ್ ಬೇಕೆಂಬುದಷ್ಟೇ. ಅದಕ್ಕೊಂದು ಪುಟ್ಟ ಪರ್ಸು ತೆಗೆದಿಟ್ಟಿದ್ದೇನೆ. ಚಟ್ನಿಪುಡಿ ಡಬ್ಬಿಗೆ ಇನ್ನೂ ಜಾಗ ಸಿಕ್ಕಿಲ್ಲ.